ನಂಬಿಕೆಯೂ ಲೆಕ್ಕವೂ

ವೃದ್ಧಾಶ್ರಮದ ಮಾತು ಬಂತೆಂದರೆ, ನಮ್ಮ ಸ್ಟಾಫ್ ರೂಮಿನಲ್ಲಾಗಲಿ, ಅರಿಸಿನ ಕುಂಕುಮಕ್ಕೆ ಹೋದ ಮನೆಯಲ್ಲಾಗಲಿ, ಚರ್ಚೆ ಒಂದೇ ಜಾಡು ಹಿಡಿಯುತ್ತದೆ. ಹೆತ್ತವರನ್ನು ಅಲ್ಲಿ ಬಿಡುವುದು ಸರಿಯೇ, ತಪ್ಪೇ? ಒಬ್ಬರು ಮಗನನ್ನು ಬೈಯುತ್ತಾರೆ, ಇನ್ನೊಬ್ಬರು ಸೊಸೆಯನ್ನು. ಕಾಲ ಕೆಟ್ಟಿತೆಂದು ಹೇಳಿ, ಕಾಫಿ ಕುಡಿದು ಏಳುತ್ತಾರೆ. ಬಿಟ್ಟು ಬಂದ ಮೇಲೆ ಆ ಜೀವದ ಆರೈಕೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ನನಗೆ ಮೊದಲನೆಯದಕ್ಕಿಂತ ಈ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಾಣುತ್ತದೆ.

ಹೆರಿಗೆಗೋ ಆಪರೇಷನ್ನಿಗೋ ನಾವು ಹೋಗುವ ನರ್ಸಿಂಗ್ ಹೋಮು ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ನೋಂದಣಿಯಾಗಿರಬೇಕು. ಹಾಸಿಗೆ ಹಿಡಿದ ಮುದುಕಿಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವ ಮನೆಗೆ ಅಷ್ಟು ಗಟ್ಟಿಯಾದ ಕಟ್ಟು ಇಲ್ಲ. ಅದೇ 2007ರಲ್ಲಿ ಪಾರ್ಲಿಮೆಂಟು ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಒಂದು ಕಾಯ್ದೆ ಮಾಡಿತು. ಜಿಲ್ಲೆಗೆ ಒಂದರಂತಾದರೂ, ಕನಿಷ್ಠ 150 ಬಡ ವೃದ್ಧರಿಗೆ ಜಾಗವಿರುವ ಆಶ್ರಮಗಳನ್ನು ರಾಜ್ಯ ಸರ್ಕಾರ ‘ಸ್ಥಾಪಿಸಬಹುದು’ ಎಂದಿತು. ವ್ಯಾಕರಣ ಪಾಠ ಮಾಡುವ ನನಗೆ ಆ ‘ಬಹುದು’ ಕಣ್ಣಿಗೆ ಚುಚ್ಚುತ್ತದೆ. ‘ತಕ್ಕದ್ದು’ ಎಂದಿದ್ದರೆ ಅದು ಕಟ್ಟಳೆ. ‘ಬಹುದು’ ಎಂದರೆ ಮನಸ್ಸಿದ್ದರೆ ಮಾರ್ಗ. ಖಾಸಗಿ ಆಶ್ರಮಗಳೂ ನೋಂದಣಿಯಾಗಬೇಕು, ಕನಿಷ್ಠ ಗುಣಮಟ್ಟ ಪಾಲಿಸಬೇಕು ಎನ್ನುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂತು. ಅದು ಕಾಯ್ದೆಯಾಗುವ ಮೊದಲೇ, 2024ರಲ್ಲಿ, ಆ ಲೋಕಸಭೆಯೇ ಮುಗಿಯಿತು.

ನನ್ನ ದೊಡ್ಡಮ್ಮ ಕೊನೆಯ ಎರಡು ವರ್ಷ ಇಂಥದೊಂದು ಮನೆಯಲ್ಲಿದ್ದರು. ಸೊಂಟ ಮುರಿದು ಮಲಗಿದ ಎಂಬತ್ತರ ಜೀವ, ಮಗ ದೂರದ ಊರಿನಲ್ಲಿ. ಬೇರೆ ದಾರಿ ಇರಲಿಲ್ಲ. ತಿಂಗಳಿಗೆ ಎರಡು ಭಾನುವಾರ ನಾನು ಹೋಗಿ ಬರುತ್ತಿದ್ದೆ. ಒಮ್ಮೆ ಮಗ್ಗುಲಾಗಿಸಿ ಬೆನ್ನು ಒರೆಸುವಾಗ ಸೊಂಟದ ಕೆಳಗೆ ಅಂಗೈಯಗಲದ ಹುಣ್ಣು ಕಂಡಿತು. ಅಲುಗಾಡಲಾರದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಲ್ಲದಿದ್ದರೆ ಒಂದೇ ಜಾಗಕ್ಕೆ ಭಾರ ಬಿದ್ದು, ರಕ್ತ ಓಡಾಡದೆ ಚರ್ಮ ಸಾಯುತ್ತದೆ. ಇದನ್ನು ಹೇಳಿದರೆ ಆಶ್ರಮ ನಡೆಸುವವರು, “ನಾವು ಇದನ್ನ ಸೇವೆ ಅಂತ ಮಾಡ್ತಿದೀವಿ ಮೇಡಂ. ನಂಬಿಕೆ ಇಲ್ದಿದ್ರೆ ಕರ್ಕೊಂಡು ಹೋಗಿ” ಎಂದರು. ದೊಡ್ಡಮ್ಮನ ಮಗ ಫೋನಿನಲ್ಲಿ, “ಜೋರು ಮಾಡ್ಬೇಡ ಅಕ್ಕ, ಆಚೆಗೆ ಹಾಕಿದ್ರೆ ಅಮ್ಮನ್ನ ಎಲ್ಲಿಡೋದು?” ಎಂದ. ದೊಡ್ಡಮ್ಮ ನನ್ನ ಕೈ ಹಿಡಿದು, “ಆ ಹುಡುಗೀನ ಬೈಬೇಡ್ವೇ. ರಾತ್ರಿ ಹೊತ್ತು ಇಪ್ಪತ್ತು ಜನಕ್ಕೆ ಅವಳೊಬ್ಳೇ” ಎಂದರು.

ಈ ಮೂರು ಮಾತುಗಳನ್ನು ಬಹಳ ಸಲ ಮೆಲುಕು ಹಾಕಿದ್ದೇನೆ. ಆ ಆಯಾ ಕೆಟ್ಟವಳಲ್ಲ. ಬೆಳಿಗ್ಗೆ ದೊಡ್ಡಮ್ಮನ ತಲೆ ಬಾಚಿ, ಮಾತಾಡಿಸಿ ಹೋಗುತ್ತಿದ್ದವಳು. ಇಪ್ಪತ್ತು ಜನರನ್ನು ಎರಡು ಗಂಟೆಗೊಮ್ಮೆ ಹೊರಳಿಸಲು ಒಂದು ಜೊತೆ ಕೈ ಸಾಲದು ಎಂಬ ಲೆಕ್ಕವನ್ನು ಮಾತ್ರ ಅಲ್ಲಿ ಯಾರೂ ಹಾಕಿರಲಿಲ್ಲ. ಪ್ರೀತಿಯನ್ನು ಕಾನೂನು ಹುಟ್ಟಿಸಲಾರದು, ನಿಜ. ರಾತ್ರಿ ಪಾಳಿಗೆ ಎಷ್ಟು ಜನ ಇರಬೇಕೆಂದು ಅದು ಹೇಳಬಲ್ಲದು.

ಸೇವೆ ಮಾಡುವವರನ್ನು ಲೆಕ್ಕ ಕೇಳುವುದು ಅವಮಾನವಲ್ಲವೇ ಎನ್ನುವವರಿದ್ದಾರೆ. ನಮ್ಮ ಶಾಲೆಯಲ್ಲಿ ಬಿಸಿಯೂಟ ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು. 2013ರ ಜುಲೈನಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಸತ್ತ ಮೇಲೆ ಈ ಕಟ್ಟಳೆಗೆ ಇನ್ನಷ್ಟು ಒತ್ತು ಬಂತು. ನಮ್ಮ ಅಡುಗೆಯಾಕೆ ಒಂದು ದಿನವೂ “ನನ್ನ ಮೇಲೆ ಅನುಮಾನವಾ ಟೀಚರ್?” ಎಂದಿಲ್ಲ. ತಾನೇ ತಟ್ಟೆಗೆ ಹಾಕಿ ತಂದು ಕೊಡುತ್ತಾಳೆ. ಮಕ್ಕಳ ಅನ್ನಕ್ಕೆ ಇನ್ನೊಬ್ಬರ ನಾಲಿಗೆ ಸಾಕ್ಷಿಯಿರಲಿ ಎಂಬುದು ಅವಳಿಗೆ ಅರ್ಥವಾಗಿದೆ. ಎದ್ದು ಹೋಗಲು ಶಕ್ತಿಯಿರುವವರು ಪರಸ್ಪರ ನಂಬಬಹುದು, ನಂಬಿಕೆ ಕೆಟ್ಟರೆ ಬಿಟ್ಟು ಹೋಗಬಹುದು. ನೀರಿನ ಲೋಟಕ್ಕೂ ಇನ್ನೊಬ್ಬರ ಕೈ ಕಾಯುವವಳು ಎಲ್ಲಿಗೆ ಹೋದಾಳು? ಅಲ್ಲಿ ಮೂರನೆಯವರ ಕಣ್ಣೊಂದು ಬೇಕು.

ಆ ಕಣ್ಣಿಗೂ ಮಣ್ಣೆರಚಬಹುದೆಂದು ನಾನು ಬಲ್ಲೆ. ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಶಾಲೆಗಳಲ್ಲಿ ಗೋಡೆಗೆ ಚಾರ್ಟು, ಅಂಗಳಕ್ಕೆ ರಂಗೋಲಿ, ಮಕ್ಕಳಿಗೆ ಬಾಯಿಪಾಠ. ಅಮೆರಿಕದಲ್ಲಿ ವೃದ್ಧರ ನರ್ಸಿಂಗ್ ಹೋಮುಗಳಿಗಾಗಿ 1987ರಲ್ಲಿ ಮಾಡಿದ ಕಾನೂನು, ಸಿಬ್ಬಂದಿಯ ಅನುಕೂಲಕ್ಕಾಗಿ ಮುದುಕರನ್ನು ಕಟ್ಟಿಹಾಕಬಾರದು, ಮದ್ದು ಕೊಟ್ಟು ಮಂಕಾಗಿಸಬಾರದು ಎಂದಿತು. ಹದಿನೈದು ತಿಂಗಳು ಮೀರದಂತೆ ತಪಾಸಣೆ ನಡೆಯಬೇಕು, ಅದೂ ಮುಂಚೆ ಹೇಳದೆ ನಡೆಯಬೇಕು ಎಂದಿತು. ದೂರದ ಬೆಟ್ಟ ನುಣ್ಣಗೆ. ಕೈ ಸಾಲದ ಮನೆಗಳು ಅಲ್ಲಿಯೂ ಇವೆ. ಹೇಳದೆ ಬರುವ ಬುದ್ಧಿಯನ್ನಾದರೂ ನಾವು ಎರವಲು ತರಬಹುದು.

ನಿಯಮ ಬಿಗಿಯಾದರೆ ಖರ್ಚು ಏರುತ್ತದೆ, ಸಣ್ಣ ಆಶ್ರಮಗಳು ಬಾಗಿಲು ಹಾಕುತ್ತವೆ ಎನ್ನುವ ಆತಂಕವೂ ಸುಳ್ಳಲ್ಲ. ಆದ್ದರಿಂದ ದೊಡ್ಡ ಪಟ್ಟಿ ಬೇಡ, ನಾಲ್ಕು ಮಾತು ಸಾಕು: ರಾತ್ರಿಗೆ ತಕ್ಕಷ್ಟು ಜನ, ಮಗ್ಗುಲು ಬದಲಿಸಿದ ಹೊತ್ತನ್ನು ಬರೆದ ಹಾಳೆ, ಬೆಂಕಿ ಬಿದ್ದರೆ ಹೊರಬರಲು ಇನ್ನೊಂದು ಬಾಗಿಲು, ದೂರು ಕೊಟ್ಟವರನ್ನು ಆಚೆಗೆ ಹಾಕಬಾರದೆಂಬ ಕಟ್ಟಳೆ. ಬಡವರ ಪಾಲಿನ ಖರ್ಚನ್ನು ಸರ್ಕಾರ ಹೊರಬೇಕು. ಈ ನಾಲ್ಕರಲ್ಲಿ ಕೊನೆಯದೇ ಮುಖ್ಯ. ಆ ಹೆದರಿಕೆ ಹೋಗದೆ ಯಾವ ಮಗನ, ಯಾವ ಸೊಸೆಯ ಬಾಯಿಯೂ ತೆರೆಯುವುದಿಲ್ಲ.

ಕಾನೂನು ಬರುವವರೆಗೆ ಆ ಕಣ್ಣು ನಮ್ಮದೇ. ಇಟ್ಟು ಬಂದೆವೆಂಬ ಅಳುಕಿಗೆ ನಾವು ತಲೆ ತಗ್ಗಿಸಿ ಹೋಗುತ್ತೇವೆ, ಹಣ್ಣು ಕೊಟ್ಟು ಬೇಗ ಹಿಂದಿರುಗುತ್ತೇವೆ. ಹೇಳದೆ ಹೋಗಿ, ರಾತ್ರಿ ಊಟದ ಹೊತ್ತಿಗೆ ಹೋಗಿ. ನೀರಿನ ಲೋಟ ಅವರ ಕೈಗೆ ಎಟುಕುತ್ತದೆಯೇ ನೋಡಿ. ಸೆರಗು ಸರಿಸಿ ಬೆನ್ನು ನೋಡಿ. ಅನ್ಯಾಯ ಕಂಡರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿ. ಪಕ್ಕದ ಮಂಚದಲ್ಲಿ ಯಾರೂ ಬಾರದ ಒಬ್ಬರು ಮಲಗಿರುತ್ತಾರೆ. ಅವರ ಬೆನ್ನನ್ನೂ ನೋಡಿ ಬನ್ನಿ.