ಇಂದಿನ ಚಿಂತನೆ: ನಿಂತ ಗಾಡಿ



ಬಾಬಾಸಾಹೇಬರು ತಮ್ಮ ಕೊನೆಯ ದಿನಗಳಲ್ಲಿ ನಾನಕ್ ಚಂದ್ ರತ್ತು ಅವರ ಮುಂದೆ ಆಡಿದ ಮಾತು ನಮಗೆಲ್ಲ ಗೊತ್ತು. ಬಹಳ ಕಷ್ಟಪಟ್ಟು ಇಲ್ಲಿಯವರೆಗೆ ತಂದಿದ್ದೇನೆ, ಮುಂದೆ ಒಯ್ಯಲು ಆಗದಿದ್ದರೆ ಇದ್ದಲ್ಲೇ ಬಿಡಿ, ಹಿಂದಕ್ಕೆ ಮಾತ್ರ ಹೋಗಗೊಡಬೇಡಿ ಎಂಬುದು ಅದರ ತಾತ್ಪರ್ಯ. ಕನ್ನಡದಲ್ಲಿ ನಾವು ಅದನ್ನು 'ವಿಮೋಚನಾ ರಥ' ಎನ್ನುತ್ತೇವೆ. ಇಂಗ್ಲಿಷಿನಲ್ಲಿರುವ ಪದ 'ಕಾರವಾನ್'. ಎರಡಕ್ಕೂ ವ್ಯತ್ಯಾಸವಿದೆ. ರಥ ಎಂದಕೂಡಲೆ ನಮ್ಮ ಬಾದಾಮಿ ಸೀಮೆಯವರಿಗೆ ಬನಶಂಕರಿ ಜಾತ್ರೆಯ ತೇರು ಕಣ್ಣ ಮುಂದೆ ಬರುತ್ತದೆ. ತೇರು ಎಳೆಯುವುದು ವರ್ಷಕ್ಕೊಮ್ಮೆ. ಕಾರವಾನ್ ಎಂದರೆ ಹಾಸಿಗೆ, ಪಾತ್ರೆ, ಹೆಂಡತಿ ಮಕ್ಕಳ ಸಮೇತ ದೂರದ ಊರಿಗೆ ಹೊರಟವರ ಸಾಲು. ಅದಕ್ಕೆ ದಿನವೂ ದಾರಿ ಸವೆಯಬೇಕು.

ಮೊನ್ನೆ ಬಳಗದಲ್ಲಿ ಒಬ್ಬ ತರುಣ ಕೇಳಿದ: "ಸರ್, ಇದ್ದಲ್ಲೇ ಬಿಡಿ ಅಂತ ಅವರೇ ಅಂದಾರಲ್ಲ. ಹಿಂದ ಹೋಗದಿದ್ರ ಸಾಕಲ್ಲ?" ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಇಲಕಲ್ಲಿನ ಒಂದು ತಗಡಿನ ಶೆಡ್ಡಿನಲ್ಲಿ ಸಿಕ್ಕಿತು.

ನಮ್ಮ ಬಳಗದ ಉಪಾಸಕರೊಬ್ಬರ ಹಳೆಯ ವ್ಯಾನ್ ಇದೆ. ಹಿಂದಿನ ಸೀಟು ತೆಗೆದು ಎರಡು ಹಲಗೆ ಮಂಚ, ಒಂದು ಗ್ಯಾಸ್ ಒಲೆ, ನೀರಿನ ಡ್ರಮ್ ಇಟ್ಟಿದ್ದಾರೆ. ದೀಕ್ಷಾಭೂಮಿಗೆ ಹೋಗುವಾಗ ಅದರಲ್ಲೇ ಅಡಿಗೆ, ಅದರಲ್ಲೇ ನಿದ್ದೆ. ಬುದ್ಧ ಪೂರ್ಣಿಮೆ ಮುಗಿದ ಮೇಲೆ ಮಳೆಗಾಲವಿಡೀ ಅದು ಶೆಡ್ಡಿನಲ್ಲಿ ನಿಂತಿರುತ್ತದೆ. ಈಗ ನಾಗಪುರದ ಪ್ರಯಾಣಕ್ಕೆ ಅದನ್ನು ಎಬ್ಬಿಸುತ್ತಿದ್ದಾರೆ. ಕಳೆದ ರವಿವಾರ ಮೆಕ್ಯಾನಿಕ್ ಕೆಲಸ ಮಾಡುವಾಗ ನಾನೂ ಅಲ್ಲಿದ್ದೆ.

ಆತ ಮೊದಲು ಕೀ ತಿರುವಲಿಲ್ಲ, ಬಾನೆಟ್ ತೆಗೆದ. ಒಳಗೆ ಇಲಿ ಗೂಡು ಕಟ್ಟಿತ್ತು, ಎರಡು ವಾಯರ್ ಕಡಿದಿತ್ತು. ಹಾಗೇ ಸ್ಟಾರ್ಟ್ ಮಾಡಿದ್ದರೆ ಶಾರ್ಟ್ ಆಗಬಹುದಿತ್ತು. ಬ್ಯಾಟರಿ ಯಾರೂ ಬಳಸಿರಲಿಲ್ಲ, ಆದರೂ ಇಳಿದಿತ್ತು. ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.6 ವೋಲ್ಟ್ ತೋರಿಸಬೇಕು, ಇದು 12ನ್ನೂ ಮುಟ್ಟಲಿಲ್ಲ. ಡೀಸೆಲ್ ಫಿಲ್ಟರಿನ ತಳದಿಂದ ನೀರು ಬಸಿದು ತೆಗೆದ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ ಎಂದು ಅದನ್ನೂ ಬದಲಿಸಿದ. ಟೈರಿನ ಹಲ್ಲು ಚೆನ್ನಾಗಿಯೇ ಇದ್ದವು. ಆತ ಮಗ್ಗುಲಲ್ಲಿರುವ ನಾಲ್ಕು ಅಂಕಿ ಓದಿದ. 2315 ಎಂದಿದ್ದರೆ 2015ರ 23ನೇ ವಾರ ತಯಾರಾದದ್ದು ಎಂದರ್ಥವಂತೆ. "ಓಡಿ ಸವದಿಲ್ರಿ, ನಿಂತು ಸತ್ತಾವ" ಎಂದು ಸೀಳು ಬಿಟ್ಟ ರಬ್ಬರ್ ತೋರಿಸಿದ.

ಈ ಗಾಡಿಯನ್ನು ಯಾರೂ ಹಿಂದಕ್ಕೆ ತಳ್ಳಿರಲಿಲ್ಲ. ನಿಲ್ಲಿಸಿದಲ್ಲೇ ಇತ್ತು. ಆದರೂ ಒಳಗೊಳಗೇ ಅದು ಹಿಂದಕ್ಕೆ ಹೋಗುತ್ತಿತ್ತು. ತರುಣ ಗೆಳೆಯನಿಗೆ ಇದೇ ನನ್ನ ಉತ್ತರ. ಇದ್ದಲ್ಲಿ ಇದ್ದ ಹಾಗೆ ಉಳಿಸುವುದಕ್ಕೂ ದಿನದಿನದ ದುಡಿಮೆ ಬೇಕು.

ಭಗವಾನ್ ಬುದ್ಧರು ಸಮ್ಮಾ ವಾಯಾಮವನ್ನು ನಾಲ್ಕಾಗಿ ಹೇಳಿದ್ದು ಇದಕ್ಕೇ. ಬಾರದ ಕೆಡುಕು ಒಳಬಾರದಂತೆ ತಡೆಯುವುದು ಸಂವರ: ಇಲಿ ಹೊಗದಂತೆ ಸಂದಿ ಮುಚ್ಚುವುದು. ಬಂದ ಕೆಡುಕನ್ನು ಹೊರಹಾಕುವುದು ಪಹಾನ: ನೀರು ಬಸಿಯುವುದು, ಹಳೆ ಎಣ್ಣೆ ಚೆಲ್ಲುವುದು. ಇಲ್ಲದ ಒಳಿತನ್ನು ಬೆಳೆಸುವುದು ಭಾವನಾ: ಬ್ಯಾಟರಿಗೆ ನಿಧಾನವಾಗಿ ಚಾರ್ಜ್ ತುಂಬುವುದು. ಬೆಳೆದ ಒಳಿತನ್ನು ಕಾಪಾಡುವುದು ಅನುರಕ್ಖಣ: ಗಾಡಿಯನ್ನು ಆಗಾಗ ಓಡಿಸುತ್ತಿರುವುದು. ನಮ್ಮಲ್ಲಿ ಮೊದಲ ಮೂರನ್ನು ಹೇಗೋ ಮಾಡುತ್ತೇವೆ. ತಪ್ಪುವುದು ನಾಲ್ಕನೆಯದು.

ಏಪ್ರಿಲ್ 14ಕ್ಕೆ ನೀಲಿ ಧ್ವಜ, ಅಕ್ಟೋಬರ್ 14ಕ್ಕೆ ಬಿಳಿ ಬಟ್ಟೆ, ಡಿಸೆಂಬರ್ 6ಕ್ಕೆ ಮೇಣದ ಬತ್ತಿ. ನಡುವಿನ ದಿನಗಳಲ್ಲಿ ಧಮ್ಮ ಎಲ್ಲಿರುತ್ತದೆ? ಮನೆಯಲ್ಲೊಂದು ಸಾವಾದಾಗ, ಮಗಳ ಮದುವೆ ಗೊತ್ತಾದಾಗ, ಮಗುವಿಗೆ ಜ್ವರ ಇಳಿಯದಾಗ ಕೀ ತಿರುವುತ್ತೇವೆ. ಗಾಡಿ ಎದ್ದೇಳದಿದ್ದರೆ ಪಕ್ಕದ ಮನೆಯವರು ಹಳೆಯ ಗಾಡಿ ತಂದು ನಿಲ್ಲಿಸುತ್ತಾರೆ. ಮುಹೂರ್ತ ಕೇಳುವವರು, ಹರಕೆ ಹೊರುವವರು, ತಿಥಿ ಮಾಡಿಸುವವರು ಆ ಹೊತ್ತಿಗೆ ತಯಾರಾಗಿಯೇ ಇರುತ್ತಾರೆ. ದುಃಖದಲ್ಲಿರುವವನು ಸಿಕ್ಕಿದ್ದನ್ನು ಹತ್ತುತ್ತಾನೆ. ಅವನನ್ನು ಬೈದು ಫಲವಿಲ್ಲ. 22 ಪ್ರತಿಜ್ಞೆಗಳು ಗೋಡೆಯ ಫ್ರೇಮಿನಲ್ಲಿದ್ದು ನಾಲಿಗೆಯ ಮೇಲೆ ಇಲ್ಲದಿದ್ದರೆ ಹೀಗೆಯೇ ಆಗುತ್ತದೆ.

ಇದು ಹೊಸದೂ ಅಲ್ಲ. ಹುನಗುಂದ ತಾಲೂಕಿನ ಐಹೊಳೆಗೆ ಹೋದರೆ ಮೇಗುತಿ ಗುಡ್ಡದ ಮೇಲೆ ಎರಡು ಅಂತಸ್ತಿನ ಬೌದ್ಧ ಚೈತ್ಯವಿದೆ. ಛಾವಣಿಯಲ್ಲಿ ಬುದ್ಧರ ಶಿಲ್ಪವಿದೆ. ಕಲ್ಲು ಗಟ್ಟಿಯಾಗಿ ಉಳಿಯಿತು, ಆದರೆ ಸುತ್ತಲಿನ ಊರುಗಳಲ್ಲಿ ಶೀಲ ತೆಗೆದುಕೊಳ್ಳುವವರು ಉಳಿಯಲಿಲ್ಲ. ಜನರಿಲ್ಲದ ಧಮ್ಮ ನಿಂತ ಗಾಡಿ. 1956ರಲ್ಲಿ ಅದನ್ನು ಮತ್ತೆ ರಸ್ತೆಗೆ ತಂದವರು ಬಾಬಾಸಾಹೇಬರು.

ಹಾಗಾದರೆ ವಿಶ್ರಾಂತಿಯೇ ತಪ್ಪೇ? ಅಲ್ಲ. ಭಿಕ್ಖುಗಳೂ ಆಷಾಢ ಹುಣ್ಣಿಮೆಯಿಂದ ಮೂರು ತಿಂಗಳು ಒಂದೆಡೆ ನಿಲ್ಲುತ್ತಾರೆ. ಮಳೆಯಲ್ಲಿ ಹಸಿರು ಬೆಳೆ, ಸಣ್ಣ ಜೀವಿಗಳು ಕಾಲಡಿ ಸಾಯುತ್ತವೆ ಎಂದು ಜನ ದೂರಿದಾಗ ಬಂದ ನಿಯಮವದು. ಕಾಲು ನಿಂತರೂ ಅಭ್ಯಾಸ ನಿಲ್ಲುವುದಿಲ್ಲ. ಮತ್ತೆ ದಾರಿ ಹಿಡಿಯುವ ಮುಂಚೆ ಪವಾರಣಾ ಮಾಡುತ್ತಾರೆ. ನನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನ ಬಂದಿದ್ದರೆ ಕರುಣೆಯಿಂದ ಹೇಳಿ ಎಂದು ಹಿರಿಯ ಭಿಕ್ಖುವೂ ಸಂಘದ ಮುಂದೆ ಕೇಳಿಕೊಳ್ಳುತ್ತಾನೆ. ಅದು ಬಾನೆಟ್ ತೆಗೆಯುವ ಕೆಲಸ. ಅದನ್ನು ತಾನೇ ತೆಗೆದು ತೋರಿಸುವವನಿಗೆ ಅವಮಾನವಿಲ್ಲ.

ಮೆಕ್ಯಾನಿಕ್ ಇನ್ನೊಂದು ಮಾತು ಹೇಳಿದ. ಎಂಜಿನ್ ಎದ್ದಮೇಲೆ ಒಮ್ಮೆಲೇ ರೇಸ್ ಕೊಡಬಾರದು. ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಬ್ರೇಕ್ ನೋಡಬೇಕು. ಮೊದಲು ಹುನಗುಂದಕ್ಕೆ ಹೋಗಿ ಬರಬೇಕು, ಆಮೇಲೆ ನಾಗಪುರ. ನಮಗೂ ಇದೇ ಸರಿ. ದೊಡ್ಡ ಸಮಾವೇಶದ ಮಾತು ಆಮೇಲಿರಲಿ.

ಸಂಯುತ್ತ ನಿಕಾಯದ ಅಚ್ಛರಾ ಸುತ್ತದಲ್ಲಿ ಬುದ್ಧರು ಸದ್ದಿಲ್ಲದ ಒಂದು ರಥವನ್ನು ವರ್ಣಿಸುತ್ತಾರೆ. ಧಮ್ಮವೇ ಅದರ ಸಾರಥಿ, ಸಮ್ಯಕ್ ದೃಷ್ಟಿ ಅದರ ಮುಂದೆ ಓಡುತ್ತದೆ. ಅಂಥ ವಾಹನ ಇರುವವರು ಹೆಣ್ಣಾಗಲಿ ಗಂಡಾಗಲಿ ನಿಬ್ಬಾಣದ ಹತ್ತಿರ ಹೋಗುತ್ತಾರೆ ಎನ್ನುತ್ತಾರೆ. ಜಾತಿ ಕೇಳಲಿಲ್ಲ, ಹೆಣ್ಣನ್ನು ಕೆಳಗಿಳಿಸಲಿಲ್ಲ.

ಇಂದಿನ ಅಭ್ಯಾಸ: ರಾತ್ರಿ ಊಟಕ್ಕೆ ಮುಂಚೆ ಮನೆಯವರೆಲ್ಲ ಕೂತು ತ್ರಿಸರಣ, ಪಂಚಶೀಲ ಹೇಳೋಣ. ಒಂದು ಶೀಲದ ಅರ್ಥವನ್ನು ಮನೆಯ ಚಿಕ್ಕ ಮಗುವಿನಿಂದಲೇ ಹೇಳಿಸೋಣ. ತಡವರಿಸಿದರೆ ಬೈಯದೆ ನಾಳೆ ಮತ್ತೆ ಕೇಳೋಣ. ಬರುವ ರವಿವಾರ ಬಳಗದಲ್ಲಿ ಹತ್ತು ನಿಮಿಷ ಪವಾರಣಾ.

ನಮೋ ಬುದ್ಧಾಯ. ಜೈ ಭೀಮ್.