ಹನ್ನೆರಡು ಪದಗಳ ಹಾಳೆ

ಹಣದ ಗುಟ್ಟು ಯಾರಿಗೂ ಬಿಟ್ಟುಕೊಡಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಎಟಿಎಂ ಪಿನ್ ಹೇಳಬೇಡ, ಓಟಿಪಿ ಹೇಳಬೇಡ, ಬೀರುವಿನ ಬೀಗದ ಕೈ ಎಲ್ಲಿದೆ ಎಂದು ನಾಲ್ಕು ಜನರ ಮುಂದೆ ಆಡಬೇಡ. ಒಳ್ಳೆಯ ಪಾಠವೇ. ಆದರೆ ಗುಟ್ಟನ್ನು ಬಿಟ್ಟುಕೊಡದೇ ಇರುವುದಕ್ಕೂ ಒಂದು ಮಿತಿ ಇದೆ ಎಂಬುದನ್ನು ಯಾರೂ ಕಲಿಸಲಿಲ್ಲ. ಅದರ ಅಗತ್ಯವೂ ಬಿದ್ದಿರಲಿಲ್ಲ. ನಾವು ಮರೆತರೂ, ನಾವೇ ಇಲ್ಲವಾದರೂ ಬ್ಯಾಂಕಿನ ಲೆಡ್ಜರಿನಲ್ಲಿ ನಮ್ಮ ಹೆಸರು ಇರುತ್ತಿತ್ತು.

ಈಗ ನಮ್ಮ ಮನೆಗಳೊಳಗೆ ಬೇರೆ ಬಗೆಯ ಗುಟ್ಟೊಂದು ಬಂದು ಸೇರಿಕೊಂಡಿದೆ. ಬಿಟ್‌ಕಾಯಿನ್, ಈಥರ್‌ನಂಥ ಡಿಜಿಟಲ್ ನಾಣ್ಯಗಳನ್ನು ಕೊಂಡು ಸ್ವಂತ ವ್ಯಾಲೆಟ್‌ನಲ್ಲಿ ಇಟ್ಟುಕೊಂಡ ಮಕ್ಕಳಿದ್ದಾರೆ, ಸೊಸೆಯಂದಿರಿದ್ದಾರೆ, ಅಳಿಯಂದಿರಿದ್ದಾರೆ. ಮನೆಯ ಉಳಿದವರಿಗೆ ಅದರ ಸುಳಿವೇ ಇಲ್ಲ. "ಅಪ್ಪನಿಗೆ ಹೇಳಿದರೆ ಬೈತಾರೆ" ಎಂದು ಮುಚ್ಚಿಟ್ಟದ್ದೇ ಹೆಚ್ಚು. ಕೊಳ್ಳಬೇಕಿತ್ತೋ ಬೇಡವಾಗಿತ್ತೋ ಎಂಬ ಚರ್ಚೆ ಈ ಬೆಳಗಿಗೆ ಬೇಡ. ಕೊಂಡಾಗಿದೆ. ಅದನ್ನು ಕಾಯುವುದು ಹೇಗೆ, ಯಾರಿಗಾಗಿ ಎಂದಷ್ಟೇ ಯೋಚಿಸೋಣ.

ವ್ಯಾಲೆಟ್ ಎಂಬ ಹೆಸರಿದ್ದರೂ ಅದರೊಳಗೆ ನಾಣ್ಯ ಇರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟಿದೆ ಎಂಬ ಲೆಕ್ಕದ ಪುಸ್ತಕ ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿ ತೆರೆದೇ ಇರುತ್ತದೆ. ಬಿಟ್‌ಕಾಯಿನ್ನಿನ ಪುಸ್ತಕವನ್ನು 2009ರ ಜನವರಿ 3ರ ಮೊದಲ ನಮೂದಿನಿಂದ ಹಿಡಿದು ನಿನ್ನೆ ರಾತ್ರಿಯವರೆಗೆ ಯಾರು ಬೇಕಾದರೂ ಓದಬಹುದು. ವ್ಯಾಲೆಟ್ ಕಾಯುವುದು ಒಂದು ಸಂಖ್ಯೆಯನ್ನು. ಬರೆದರೆ 78 ಅಂಕಿಯವರೆಗೂ ಹೋಗುವ ದೊಡ್ಡ ಸಂಖ್ಯೆ. ಪ್ರೈವೇಟ್ ಕೀ ಎನ್ನುವುದು ಅದನ್ನೇ. ಅದು ಗೊತ್ತಿದ್ದವರು ಸಹಿ ಹಾಕಬಲ್ಲರು, ಸಹಿ ಹಾಕಿದವರ ಮಾತು ನಡೆಯುತ್ತದೆ. ಆಧಾರ್ ಕೇಳುವವರಿಲ್ಲ, ಮುಖ ನೋಡುವವರಿಲ್ಲ. ಕಳ್ಳನ ಕೈಗೆ ಸಿಕ್ಕಿದರೆ ಕಳ್ಳನೇ ಒಡೆಯ. ಒಡೆಯ ಕಳೆದುಕೊಂಡರೆ ತನ್ನ ಹಣವನ್ನು ತಾನು ದೂರದಿಂದ ನೋಡಬಹುದು, ಮುಟ್ಟುವಂತಿಲ್ಲ. ದೂರು ಕೊಡಲು ಶಾಖೆಯಿಲ್ಲ, ಕೈಮುಗಿಯಲು ಮ್ಯಾನೇಜರಿಲ್ಲ.

ಅಷ್ಟು ಉದ್ದದ ಸಂಖ್ಯೆಯನ್ನು ಮನುಷ್ಯ ತಪ್ಪಿಲ್ಲದೆ ಬರೆದುಕೊಳ್ಳಲಾರ. ಅದಕ್ಕಾಗಿ 2013ರಲ್ಲಿ ಒಂದು ಉಪಾಯ ಬಂತು. 2,048 ಸಾದಾ ಇಂಗ್ಲಿಷ್ ಪದಗಳ ಪಟ್ಟಿ ಮಾಡಿದರು. ಯಾವ ಪದವನ್ನಾದರೂ ಅದರ ಮೊದಲ ನಾಲ್ಕು ಅಕ್ಷರದಿಂದಲೇ ಗುರುತಿಸಲು ಬರುವಂತೆ ಆರಿಸಿದರು. ಹೊಸ ವ್ಯಾಲೆಟ್ ತೆರೆದಾಗ ಆ ಪಟ್ಟಿಯಿಂದ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದಗಳು ಪರದೆಯ ಮೇಲೆ ಬರುತ್ತವೆ. ಆ ವ್ಯಾಲೆಟ್‌ನ ಎಲ್ಲ ಕೀಗಳೂ ಹುಟ್ಟುವುದು ಈ ಪದಗಳಿಂದಲೇ. ಫೋನು ಕಳೆಯಲಿ, ಯಂತ್ರ ಒಡೆಯಲಿ, ಪದಗಳು ಉಳಿದಿದ್ದರೆ ಎಲ್ಲವೂ ಮರಳಿ ಬರುತ್ತದೆ. ಜಪಾನಿ, ಕೊರಿಯನ್, ಸ್ಪ್ಯಾನಿಷ್, ಝೆಕ್ ಭಾಷೆಗಳಿಗೂ ಇಂಥ ಪಟ್ಟಿಗಳಿವೆ. ಆ ಮೂಲ ಪಟ್ಟಿಗಳ ಸಾಲಿನಲ್ಲಿ ಕನ್ನಡವಿಲ್ಲ, ಭಾರತದ ಯಾವ ಭಾಷೆಯೂ ಇಲ್ಲ. ಆಗಲೇಬೇಕಾದ ಕೆಲಸ ಅದು ಎಂದು ನನಗನ್ನಿಸುತ್ತದೆ.

ಪದ ಬರೆದುಕೊಳ್ಳುವ ಕೆಲಸಕ್ಕೆ ಬೆಳಗಿನ ಹೊತ್ತೇ ಸರಿ. ರಾತ್ರಿ ಕಣ್ಣು ಎಳೆಯುತ್ತಿರುವಾಗ "ನಾಳೆ ಬರೆದರಾಯಿತು" ಎಂದು ಸ್ಕ್ರೀನ್‌ಶಾಟ್ ತೆಗೆದುಬಿಡುತ್ತೇವೆ. ಅದು ಗ್ಯಾಲರಿಗೆ ಹೋಗುತ್ತದೆ, ಗ್ಯಾಲರಿಯಿಂದ ನಮಗೆ ಗೊತ್ತೇ ಆಗದಂತೆ ಕ್ಲೌಡ್‌ಗೆ ಹೋಗುತ್ತದೆ. ಚಿತ್ರಗಳೊಳಗೆ ಇಂಥ ಪದಗಳನ್ನೇ ಹುಡುಕುವ ಕಳ್ಳ ಆ್ಯಪ್‌ಗಳು 2025ರಲ್ಲಿ ಆ್ಯಪ್ ಸ್ಟೋರ್‌ಗಳ ಒಳಗೇ ಪತ್ತೆಯಾದವು. ಬೆಳಗ್ಗೆ ಎದ್ದು, ಮನೆ ಇನ್ನೂ ಗದ್ದಲಕ್ಕೆ ಬೀಳುವ ಮುಂಚೆ, ಮೇಜಿನ ಮುಂದೆ ಕುಳಿತು ಪೆನ್ನು ಹಿಡಿಯುವುದು ಮೇಲು. ಒಂದೊಂದು ಪದಕ್ಕೂ ನಂಬರು ಹಾಕಬೇಕು. ಹನ್ನೆರಡು ಪದಗಳನ್ನು 47 ಕೋಟಿ 90 ಲಕ್ಷ ಬಗೆಯಲ್ಲಿ ಜೋಡಿಸಬಹುದು. ನಂಬರಿಲ್ಲದ ಹಾಳೆ ಮುಂದೆ ಎಷ್ಟು ಕಾಡೀತು ಎಂದು ಯೋಚಿಸಿ. ಇಂಗ್ಲಿಷ್ ಅಕ್ಷರದಲ್ಲೇ, ಬಿಡಿಬಿಡಿಯಾಗಿ, ದೊಡ್ಡದಾಗಿ ಬರೆಯಬೇಕು. ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಹತ್ತು ವರ್ಷದ ಮೇಲೆ ಓದುವವರಿಗೆ ಸ್ಪೆಲ್ಲಿಂಗಿನ ಅನುಮಾನ ಹುಟ್ಟುತ್ತದೆ. ಬರೆದಾದ ಮೇಲೆ ಪರದೆಯನ್ನೂ ಹಾಳೆಯನ್ನೂ ಪಕ್ಕಪಕ್ಕ ಇಟ್ಟು, ಒಂದೊಂದರ ಮೇಲೂ ಬೆರಳಿಟ್ಟು ತಾಳೆ ನೋಡಬೇಕು.

ಈಗ ಆ ಹಾಳೆಯನ್ನೇ ಸ್ವಲ್ಪ ದೂರದಿಂದ ನೋಡಿ. ಒಂದರ ಕೆಳಗೊಂದು ನಂಬರು, ಎದುರಿಗೆ ಮ್ಯಾಂಗೋ, ರಿವರ್, ಕಾಫಿ, ಕೊಕೊನಟ್. ಮೂರನೇ ಕ್ಲಾಸಿನ ಮಗುವಿನ ಡಿಕ್ಟೇಷನ್ ಹಾಳೆಯಂತೆ ಕಾಣುತ್ತದೆ. ಯುಗಾದಿಗೆ ಮುಂಚೆ ಮನೆ ಗುಡಿಸಿ ಸಾರಿಸುವ ದಿನ ಇದು ಹೆಂಡತಿಯ ಕೈಗೆ ಸಿಕ್ಕಿತು ಎನ್ನಿ. "ರೀ, ಪುಟ್ಟೀದು ಡಿಕ್ಟೇಷನ್ ಹಾಳೆ ಬೀರೂಲಿ ಬಿದ್ದಿತ್ತು, ರದ್ದಿ ಪೇಪರ್ ಜೊತೆ ಹಾಕಿಬಿಟ್ಟೆ" ಎಂದು ಆಕೆ ಸಹಜವಾಗಿ ಹೇಳುತ್ತಾಳೆ. ತಪ್ಪು ಅವಳದಲ್ಲ. ಹಾಳೆಯ ಮೇಲೆ ಅದು ಏನೆಂದು ಬರೆದಿರಲಿಲ್ಲ, ಬಾಯಿಬಿಟ್ಟೂ ಹೇಳಿರಲಿಲ್ಲ.

ವೇಲ್ಸ್ ದೇಶದ ನ್ಯೂಪೋರ್ಟ್‌ನಲ್ಲಿ 2013ರಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಜೇಮ್ಸ್ ಹೊವೆಲ್ಸ್ ಎಂಬವರ ಹಾರ್ಡ್ ಡಿಸ್ಕ್ ಮನೆಯ ಕಸದ ಜೊತೆ ಊರಿನ ಕಸದ ರಾಶಿಗೆ ಹೋಯಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಕೀ ಅದರಲ್ಲಿತ್ತು. ರಾಶಿಯನ್ನು ಅಗೆಯಲು ಅನುಮತಿ ಕೊಡಿ, ಸಿಕ್ಕಿದ್ದರಲ್ಲಿ ಪಾಲು ಕೊಡುತ್ತೇನೆ ಎಂದು ಅವರು ನಗರಸಭೆಯನ್ನು ವರ್ಷಗಟ್ಟಲೆ ಕೇಳಿದರು. ನಗರಸಭೆ ಒಪ್ಪಲಿಲ್ಲ. 2025ರ ಜನವರಿಯಲ್ಲಿ ಹೈಕೋರ್ಟೂ ಅವರ ದಾವೆಯನ್ನು ತಳ್ಳಿಹಾಕಿತು. ಹಣ ಲೆಕ್ಕದ ಪುಸ್ತಕದಲ್ಲಿ ಇದ್ದಹಾಗೇ ಇದೆ. ಅಮೆರಿಕದಲ್ಲಿ ನೆಲೆಸಿದ ಪ್ರೋಗ್ರಾಮರ್ ಸ್ಟೀಫನ್ ಥಾಮಸ್ ಅವರದು ಬೇರೆ ಸಂಕಟ. 7,002 ಬಿಟ್‌ಕಾಯಿನ್‌ಗಳ ಕೀ ಇರುವ ಸಾಧನ ಅವರ ಹತ್ತಿರವೇ ಇತ್ತು, ಪಾಸ್‌ವರ್ಡ್ ಬರೆದಿದ್ದ ಚೀಟಿ ಮಾತ್ರ ಇರಲಿಲ್ಲ. ಹತ್ತು ಸಲ ತಪ್ಪಿದರೆ ಆ ಸಾಧನ ತನ್ನನ್ನು ತಾನೇ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. 2021ರಲ್ಲಿ ಅವರ ಕತೆ ಪತ್ರಿಕೆಗೆ ಬಂದಾಗ ಎಂಟು ಅವಕಾಶ ಮುಗಿದಿದ್ದವು. ಇಬ್ಬರೂ ಕಂಪ್ಯೂಟರ್ ಬಲ್ಲವರು. ಇಬ್ಬರಿಗೂ ಕಳ್ಳರಿಂದ ತೊಂದರೆ ಆಗಲಿಲ್ಲ. ಕೀ ಎಂದೊಡನೆ ನಮ್ಮ ಮನಸ್ಸು ಕಳ್ಳನ ಕಡೆಗೇ ಓಡುತ್ತದೆ. ಮರೆವು, ಮನೆ ಬದಲಾವಣೆ, ಹಬ್ಬದ ಸಫಾಯಿ ಇವು ಕಳ್ಳನಿಗಿಂತ ಸಾಧು ಅಲ್ಲ.

ಕಾಗದದ ಆಯುಸ್ಸೂ ನಮ್ಮ ನಾಡಿನಲ್ಲಿ ಕಡಿಮೆ. ಮಲೆನಾಡಿನ ಒಂದು ಮಳೆಗಾಲ ಸಾಕು, ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಬಯಲುಸೀಮೆಯಲ್ಲಿ ಗೆದ್ದಲು. ಅದಕ್ಕೆ ಸ್ಟೀಲ್ ತಗಡಿನ ಮೇಲೆ ಪದಗಳನ್ನು ಕೊರೆದಿಡುವವರಿದ್ದಾರೆ, ಬೆಂಕಿ ನೀರು ಎರಡಕ್ಕೂ ಅದು ತಡೆಯುತ್ತದೆ. ನಮ್ಮಲ್ಲಿ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಸುವ ರೂಢಿ ಇದೆಯಲ್ಲ, ಅಲ್ಲಿಗೆ ಮಾತ್ರ ಒಯ್ಯಬಾರದು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಕ್ಷರ ಒತ್ತುವ ಪಂಚುಗಳ ಸೆಟ್ಟು ಸಿಗುತ್ತದೆ. ಸುತ್ತಿಗೆ ಹಿಡಿದು ನಾವೇ ಕೂತು ಒಂದೊಂದು ಅಕ್ಷರ ಹೊಡೆಯಬೇಕು. ಪ್ರತಿ ಪದದ ನಾಲ್ಕೇ ಅಕ್ಷರ ಸಾಕಲ್ಲವೇ, ಅರ್ಧ ದಿನದ ಕೆಲಸವೂ ಅಲ್ಲ. ಎರಡು ಪ್ರತಿ ಮಾಡಿ ಎರಡು ಊರಿನಲ್ಲಿಟ್ಟರೆ ಇನ್ನೂ ಒಳ್ಳೆಯದು. ಆರು ಪದ ಇಲ್ಲಿ, ಆರು ಪದ ಅಲ್ಲಿ ಎಂದು ಹಂಚುವ ಜಾಣತನ ಬೇಡ, ಎರಡರಲ್ಲಿ ಯಾವ ಚೂರು ಹೋದರೂ ಎಲ್ಲವೂ ಹೋದಂತೆಯೇ.

ಈ ತಾಪತ್ರಯವೇ ಬೇಡ, ನಾಣ್ಯ ಕೊಂಡು ಮಾರುವ ಎಕ್ಸ್‌ಚೇಂಜ್‌ನವರೇ ಇಟ್ಟುಕೊಳ್ಳಲಿ ಎನ್ನುವವರೂ ಇದ್ದಾರೆ. ಕೆನಡಾದ ಕ್ವಾಡ್ರಿಗಾ ಎಂಬ ಎಕ್ಸ್‌ಚೇಂಜ್‌ನ ಒಡೆಯ ಜೆರಾಲ್ಡ್ ಕಾಟನ್ 2018ರ ಡಿಸೆಂಬರಿನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡರು. ಕೀಗಳು ಅವರ ಜೊತೆಗೇ ಹೋದವೆಂದು ಸುಮಾರು 76,000 ಗ್ರಾಹಕರು ಕಂಗಾಲಾದರು. ಆಮೇಲೆ ತನಿಖೆಯಾದಾಗ ಆ ವ್ಯಾಲೆಟ್‌ಗಳು ಮೊದಲೇ ಬರಿದಾಗಿದ್ದವೆಂದು ಗೊತ್ತಾಯಿತು. ನಮ್ಮ ದೇಶದ ವಜೀರ್‌ಎಕ್ಸ್‌ನಿಂದ 2024ರ ಜುಲೈನಲ್ಲಿ ಸುಮಾರು 23 ಕೋಟಿ ಡಾಲರ್ ಬೆಲೆಯ ಆಸ್ತಿ ಕಳುವಾಯಿತು. ಹಲವರು ಸೇರಿ ಸಹಿ ಹಾಕಬೇಕಾದ ವ್ಯಾಲೆಟ್ ಅದು, ಆದರೂ ತಡೆಯಲಿಲ್ಲ. ಹಾಗೆಂದು ಎಲ್ಲ ಎಕ್ಸ್‌ಚೇಂಜೂ ಮೋಸವೆಂದಲ್ಲ. ಅಲ್ಲಿ ಇಟ್ಟರೆ ಅವರನ್ನು ನಂಬಿದಂತೆ, ಇಲ್ಲಿ ಇಟ್ಟರೆ ನಮ್ಮನ್ನೇ ನಂಬಿದಂತೆ. ನಮ್ಮನ್ನು ನಾವು ನಂಬುವುದು ಬದುಕಿರುವವರೆಗೆ ಸರಿ.

ಈ ಇಡೀ ವಿಚಾರದಲ್ಲಿ ನನಗೆ ಬಹಳ ಭಾರವಾಗಿ ಕಾಣುವ ಭಾಗ ಇಲ್ಲಿಂದ ಮುಂದಿನದು. ಮನೆಯಲ್ಲಿ ಸಾವಾಗಿದೆ. ಹದಿಮೂರನೇ ದಿನದ ಕರ್ಮ ಮುಗಿದು ನೆಂಟರೆಲ್ಲ ಹೊರಟಮೇಲೆ ಬೀರು ತೆಗೆಯುತ್ತಾರೆ. ಎಲ್‌ಐಸಿ ಬಾಂಡಿನಲ್ಲಿ ನಾಮಿನಿಯ ಹೆಸರಿದೆ. ಪಾಸ್‌ಬುಕ್ ಹಿಡಿದು, ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋದರೆ ತಡವಾದರೂ ಕೆಲಸ ಆಗುತ್ತದೆ. 2025ರ ನವೆಂಬರಿನಿಂದ ಒಂದು ಖಾತೆಗೆ ನಾಲ್ವರವರೆಗೂ ನಾಮಿನಿಗಳನ್ನು ಹೆಸರಿಸಬಹುದು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರರು ಕೇಳಿ ಪಡೆಯಬಹುದು, ಹುಡುಕಲು ಉದ್ಗಮ್ ಎಂಬ ಪೋರ್ಟಲ್ ಇದೆ. ಆದರೆ ಡ್ರಾದ ಮೂಲೆಯಲ್ಲಿ ಪೆನ್ ಡ್ರೈವಿನಷ್ಟೇ ಇರುವ, ಕೀಗಳನ್ನು ಒಳಗಿಟ್ಟುಕೊಂಡ ಹಾರ್ಡ್‌ವೇರ್ ವ್ಯಾಲೆಟ್ ಸಿಕ್ಕಿದರೆ? ಅದರ ಹಿಂದೆ ಯಾವ ಕಚೇರಿಯೂ ಇಲ್ಲ. ಹುಟ್ಟಿದ ದಿನ, ಮದುವೆಯ ದಿನ ಎಂದು ಪಿನ್ ಒತ್ತಿ ನೋಡುತ್ತಾರೆ. ಮೂರು ಸಲ ತಪ್ಪಿದರೆ ಒಳಗಿನದನ್ನು ಅಳಿಸಿಬಿಡುವ ಯಂತ್ರಗಳಿವೆ. ಆಗ ಬೇಕಾಗುವುದು ಆ ಹಾಳೆಯೇ. ಅದು ಎಲ್ಲಿದೆ ಎಂದು ಗೊತ್ತಿದ್ದವರು ಹೊರಟುಹೋಗಿದ್ದಾರೆ.

ಯಾರನ್ನೂ ನಂಬದೆ ಹಣ ಕಳಿಸುವ, ಹಣ ಇಟ್ಟುಕೊಳ್ಳುವ ಆಸೆಯಿಂದ ಹುಟ್ಟಿದ್ದು ಬಿಟ್‌ಕಾಯಿನ್ ತಂತ್ರ. ಹದಿನೈದಕ್ಕೂ ಹೆಚ್ಚು ವರ್ಷ ಅದು ಆ ಮಾತಿಗೆ ತಪ್ಪದೆ ನಡೆದಿದೆ. ಆದರೆ ಕೊನೆಗೆ ಹಾಳೆಯನ್ನು ಇನ್ನೊಬ್ಬರ ಕೈಗೆ ದಾಟಿಸಬೇಕಾದ ಕಡೆ ಅದರಲ್ಲಿ ಉತ್ತರವಿಲ್ಲ. ಅಲ್ಲಿ ನಮಗೆ ಒಬ್ಬ ಮನುಷ್ಯ ಬೇಕು. ಗುಟ್ಟನ್ನು ಎಷ್ಟು ಬಲವಾಗಿ ಮುಚ್ಚಿಟ್ಟೆವು ಎನ್ನುವುದಕ್ಕಿಂತ, ಅದನ್ನು ಒಪ್ಪಿಸಬಹುದಾದ ಒಬ್ಬರನ್ನು ಬದುಕಿನಲ್ಲಿ ಸಂಪಾದಿಸಿಕೊಂಡೆವೇ ಎನ್ನುವುದು ದೊಡ್ಡ ಪ್ರಶ್ನೆಯಾಗಿ ನನಗೆ ತೋರುತ್ತದೆ.

ಒಬ್ಬರ ಮೇಲೇ ಪೂರ್ತಿ ಭಾರ ಹೊರಿಸಲು ಮನಸ್ಸು ಬಾರದವರಿಗೂ ದಾರಿ ಇದೆ. ಗಣಿತಜ್ಞ ಆಡಿ ಶಾಮಿರ್ 1979ರಲ್ಲಿ ತೋರಿಸಿಕೊಟ್ಟ ವಿಧಾನದಲ್ಲಿ ಗುಟ್ಟನ್ನು ಮೂರು ಪಾಲು ಮಾಡಿ, ಯಾವ ಎರಡು ಸೇರಿದರೂ ಪೂರ್ಣವಾಗುವಂತೆ ಇಡಬಹುದು. ಒಂದೇ ಪಾಲು ಹಿಡಿದವರಿಗೆ ಏನೂ ತಿಳಿಯದು, ಒಂದು ಕಳೆದರೂ ಉಳಿದೆರಡು ಸಾಕು. ಅಕ್ಕನ ಹತ್ತಿರ ಒಂದು, ಗೆಳೆಯನ ಹತ್ತಿರ ಒಂದು, ಬ್ಯಾಂಕ್ ಲಾಕರಿನಲ್ಲಿ ಒಂದು. ಇದಕ್ಕೆ ಅನುಕೂಲ ಇರುವ ವ್ಯಾಲೆಟ್‌ಗಳು ಬಂದಿವೆ. ಸಣ್ಣ ಮೊತ್ತಕ್ಕೆ ಇಷ್ಟೆಲ್ಲ ಬೇಕಿಲ್ಲ. ಉಪಾಯ ಜಟಿಲವಾದಷ್ಟೂ ಮನೆಯವರು ಸೋಲುವ ಸಂಭವ ಹೆಚ್ಚು.

ಉಯಿಲಿನಲ್ಲಿ ಪದಗಳನ್ನು ಬರೆಯಬೇಡಿ. ನೋಂದಾಯಿತ ಉಯಿಲಿನ ನಕಲನ್ನು, ಬರೆದವರು ತೀರಿಕೊಂಡ ಮೇಲೆ, ಅರ್ಜಿ ಹಾಕಿದ ಯಾರು ಬೇಕಾದರೂ ಪಡೆಯಬಹುದು. ಬೇರೆಯಾಗಿ ಒಂದು ಕಾಗದ ಬರೆದಿಡಿ, ಮನೆಯವರು ಓದುವ ಕನ್ನಡದಲ್ಲಿ. ಯಾವ ಯಂತ್ರ, ಯಾವ ನಾಣ್ಯ, ಪದಗಳ ಹಾಳೆ ಎಲ್ಲಿದೆ, ಸಹಾಯ ಬೇಕಾದರೆ ಯಾರನ್ನು ಕೇಳಬೇಕು. ಕೊಂಡ ದಿನ, ಕೊಟ್ಟ ಬೆಲೆ ಇವನ್ನೂ ಸೇರಿಸಿ. 2022ರ ಏಪ್ರಿಲ್‌ನಿಂದ ಇಂಥ ಲಾಭದ ಮೇಲೆ ಶೇ. 30ರ ತೆರಿಗೆ ಇದೆ, ಮಾರುವಾಗ ಅವರಿಗೆ ಲೆಕ್ಕ ಬೇಕಾಗುತ್ತದೆ. ಇನ್ನೊಂದು ಸಾಲು ತಪ್ಪದೆ ಬರೆಯಿರಿ. ಯಾರೇ ಫೋನ್ ಮಾಡಿ, ಕಂಪನಿಯವರೆಂದೋ ಪೊಲೀಸರೆಂದೋ ಹೇಳಿ, ಆ ಹನ್ನೆರಡು ಪದ ಕೇಳಿದರೆ ಕೊಡಬಾರದು. ಬ್ಯಾಂಕ್ ಹಣವಾದರೆ ಕೂಡಲೇ 1930ಕ್ಕೆ ಕರೆ ಮಾಡಿ ತಡೆಹಿಡಿಸುವ ಅವಕಾಶ ಉಂಟು. ಈ ನಾಣ್ಯ ಒಮ್ಮೆ ಕೈ ದಾಟಿದರೆ ವಾಪಸ್ ಕರೆಸುವ ಗುಂಡಿ ಯಾರ ಹತ್ತಿರವೂ ಇಲ್ಲ.

ಇಷ್ಟು ಮಾಡಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಬರುವ ಭಾನುವಾರ ಬೆಳಗ್ಗೆ ನಿಮ್ಮವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಭ್ಯಾಸಕ್ಕೆಂದು ಹೊಸ ವ್ಯಾಲೆಟ್ ಒಂದನ್ನು ತೆರೆದು, ಅದರ ಪದಗಳನ್ನು ಬರೆದಿಟ್ಟು, ನೂರೋ ಇನ್ನೂರೋ ರೂಪಾಯಿಯಷ್ಟು ಅದರಲ್ಲಿ ಹಾಕಿ. ಆಮೇಲೆ ಆ ವ್ಯಾಲೆಟ್ಟನ್ನು ಪೂರ್ತಿ ಅಳಿಸಿಬಿಡಿ. ಕಾಗದವನ್ನೂ ಹಾಳೆಯನ್ನೂ ಅವರ ಕೈಗೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು, ಅವರೇ ಅದನ್ನು ಮರಳಿ ತೆರೆಯುವವರೆಗೆ ಕಾದು ನೋಡಿ. ಎಲ್ಲಿ ತಡವರಿಸಿದರೋ ಆ ಸಾಲನ್ನು ಇನ್ನಷ್ಟು ಬಿಡಿಸಿ ಬರೆಯಿರಿ.