ಸ್ವಾಂಗಜುಗುಪ್ಸೆ ಮತ್ತು ಕಟ್ಟಿಕೊಂಡ ಕಕ್ಕಸು

ಪತಂಜಲಿಯ ಯೋಗಸೂತ್ರವು ಎಣಿಸುವ ಐದು ನಿಯಮಗಳಲ್ಲಿ, ಅಂದರೆ ಸಾಧಕನು ತನಗೆ ತಾನೇ ಹಾಕಿಕೊಳ್ಳುವ ಕಟ್ಟುಪಾಡುಗಳಲ್ಲಿ, ಶೌಚ ಮೊದಲನೆಯದು. ಮಣ್ಣು ನೀರುಗಳಿಂದಾಗುವುದು ಹೊರಗಿನ ಶೌಚ, ಮನಸ್ಸಿನ ಕೊಳೆ ಕಳೆಯುವುದು ಒಳಗಿನ ಶೌಚ ಎಂದು ಭಾಷ್ಯ ಅದನ್ನು ಎರಡಾಗಿ ವಿಂಗಡಿಸುತ್ತದೆ. ಶೌಚವನ್ನು ಪಾಲಿಸುವವನಲ್ಲಿ ಸ್ವಾಂಗಜುಗುಪ್ಸೆ, ಎಂದರೆ ತನ್ನ ದೇಹದ ಬಗೆಗೇ ಹೇಸಿಗೆ, ಹುಟ್ಟುತ್ತದೆಂದೂ ಆಮೇಲೆ ಅವನಿಗೆ ಇತರ ದೇಹಗಳ ಸಂಸರ್ಗವೂ ಬೇಡವಾಗುತ್ತದೆಂದೂ ಸೂತ್ರ ಹೇಳುತ್ತದೆ. ಆಚಾರವಂತ ಸಮಾಜವು ಈ ಸೂತ್ರದ ಮೊದಲರ್ಧವನ್ನು ಬಿಟ್ಟು ಎರಡನೆಯದನ್ನು ಮಾತ್ರ ಹಿಡಿದುಕೊಂಡಿತು. ಹೇಸಿಗೆ ತನ್ನ ಮಲದಿಂದ ಜಾರಿ, ಅದನ್ನು ಬಾಚುವವನ ಮೈಮೇಲೆ ಹೋಗಿ ಕೂತಿತು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಹಳ್ಳಿಗಳಲ್ಲಿ ಒಂದೆರಡು ತಲೆಮಾರಿನ ಹಿಂದೆ ಚೊಂಬು ಹಿಡಿದು ಬಯಲಕಡೆಗೆ ಹೋಗುತ್ತಿದ್ದವರಿಗೆ ತಮ್ಮ ಮಲವನ್ನು ಯಾರು ಬಾಚಬೇಕೆಂಬ ಪ್ರಶ್ನೆ ಅಷ್ಟಾಗಿ ಎದುರಾಗುತ್ತಿರಲಿಲ್ಲ. ಮನೆಯಿಂದ ದೂರ ಹೋಗಬೇಕೆಂಬುದು ಧರ್ಮಶಾಸ್ತ್ರದ ವಿಧಿಯೂ ಆಗಿತ್ತು. ಈಗ ಕಕ್ಕಸು ಅಡುಗೆಮನೆ, ದೇವರಮನೆಗಳಿರುವ ಸೂರಿನಡಿಗೇ ಬಂದಿದೆ. ಬೇಸಿನ್ನಿನ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ನಿಲ್ಲುವ ಒಂದಿಷ್ಟು ನೀರು ಗುಂಡಿಯ ದುರ್ನಾತವನ್ನು ತಡೆಯುತ್ತದೆ. ಬಟ್ಟೆಯ ಚೂರೋ ಪ್ಯಾಡೋ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅಲ್ಲಿಯೇ. ಆಗ ಸುರಿದ ನೀರು ಇಳಿಯದೆ ಅಂಚಿನವರೆಗೆ ಏರುತ್ತದೆ, ಮನೆಮಂದಿ ಕಳುಹಿಸಿದ್ದು ಮನೆಮಂದಿಯ ಕಣ್ಣೆದುರಿಗೇ ತೇಲುತ್ತದೆ. ರಬ್ಬರ್ ಬಟ್ಟಲಿನ ಪ್ಲಂಜರನ್ನು ನೀರಿನೊಳಗೆ ಮುಳುಗಿಸಿ, ಬಾಯಿ ಬಿಗಿಯಾಗಿ ಕೂರಿಸಿ, ಒತ್ತಿ ಎಳೆದರೆ ಕಟ್ಟಿದ್ದು ಸಾಮಾನ್ಯವಾಗಿ ಸಡಿಲುತ್ತದೆ. ಆ್ಯಸಿಡ್ ಸುರಿಯುವುದರಿಂದ ಪ್ಯಾಡು ಕರಗುವುದಿಲ್ಲ, ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಮಾತ್ರ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಕೆಲಸ ಇಷ್ಟೇ ಆದರೂ ಅದಕ್ಕಾಗಿ ಕೂಡಲೇ ‘ಯಾರನ್ನಾದರೂ ಕರೆಯಿರಿ’ ಎಂಬ ಮಾತು ಹೊರಡುತ್ತದೆ, ಆ ‘ಯಾರು’ ಯಾವ ಕೇರಿಯವರೆಂಬುದು ಹೇಳದೆಯೇ ಎಲ್ಲರಿಗೂ ತಿಳಿದಿರುತ್ತದೆ.

ತಲೆಯ ಮೇಲೆ ಮಲ ಹೊರುವುದನ್ನು ದೇವರಾಜ ಅರಸು ಸರ್ಕಾರದ ಸಚಿವ ಬಿ. ಬಸವಲಿಂಗಪ್ಪ 1970ರ ದಶಕದಲ್ಲಿ ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆಗಳು 1993ರಲ್ಲಿ, ಮತ್ತೆ 2013ರಲ್ಲಿ ಬಂದವು. ಹಾಗಿದ್ದೂ 2021ರ ಜೂನ್‌ನಲ್ಲಿ ರಾಮನಗರದಲ್ಲಿ ಮ್ಯಾನ್‌ಹೋಲಿಗಿಳಿದ ಮೂವರು ಕಾರ್ಮಿಕರು ಉಸಿರುಗಟ್ಟಿ ಸತ್ತರು. ಬೇಸಿನ್ನಿನಲ್ಲಿ ಕಟ್ಟಿದ್ದಕ್ಕೂ ಗುಂಡಿಯಲ್ಲಿ ಕಟ್ಟಿದ್ದಕ್ಕೂ ಇರುವ ಭೇದ ಇಲ್ಲಿ ಮುಖ್ಯ: ಮೊದಲನೆಯದಕ್ಕೆ ಮನೆಯವರ ಕೈ ಸಾಕು, ಎರಡನೆಯದಕ್ಕೆ ಸಕ್ಕಿಂಗ್ ಯಂತ್ರವೇ ಬೇಕು, ಮನುಷ್ಯನನ್ನು ಇಳಿಸುವ ಪ್ರಶ್ನೆ ಎರಡರಲ್ಲಿಯೂ ಏಳಬಾರದು.

ಮಲ ಬಾಚುವವರ ಬಗೆಗಿನ ಈ ಹೇಸಿಗೆಗೆ ಧಾರ್ಮಿಕ ಉತ್ತರವೆಂದು ಕಾಯಕತತ್ತ್ವವನ್ನು ಮುಂದಿಡುವುದುಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಅದು ದುಡಿಮೆಯನ್ನೇ ಪೂಜೆಯ ಮಟ್ಟಕ್ಕೆ ಏರಿಸಿದ, ಕಸುಬಿನಿಂದ ಮೇಲುಕೀಳು ಅಳೆಯುವುದನ್ನು ಒಪ್ಪದ ವಿಚಾರ. ಆದರೆ ಬೇರೆ ದಾರಿಯಿಲ್ಲದೆ ಮಲ ಬಾಚುವವನಿಗೆ ‘ನಿನ್ನ ಕೆಲಸ ಪವಿತ್ರ’ ಎಂದು ಹೇಳುವವನು ತಾನು ಆ ಪಾವಿತ್ರ್ಯದಲ್ಲಿ ಪಾಲು ಕೇಳದಿದ್ದರೆ ಅದು ಬರಿಯ ಉಪಚಾರದ ಮಾತು. 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಪೊರಕೆ ಹಿಡಿದು ತಾವೇ ಕಕ್ಕಸು ತೊಳೆದದ್ದಕ್ಕೆ, ಭಂಗಿ ವೃತ್ತಿಯನ್ನು, ಅಂದರೆ ಮಲ ಬಾಚುವ ಕಸುಬನ್ನು, ಕುರಿತು ಅವರು ಮುಂದೆ ಆಡಿದ ಹೊಗಳಿಕೆಗಿಂತ ಹೆಚ್ಚಿನ ತೂಕವಿದೆ. ಆ ಹೊಗಳಿಕೆಯನ್ನು ಅಂಬೇಡ್ಕರ್ ಖಂಡಿಸಿದ್ದು ಸರಿಯಾಗಿಯೇ ಇತ್ತು.

ಸ್ವಂತ ಕೈಯಿಂದ ಮಾಡಿದರೆ ಮಡಿ ಕೆಡುವುದಿಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರ ಶಾಸ್ತ್ರದಲ್ಲಿಯೇ ಇದೆ. ಮನುಸ್ಮೃತಿ ದೇಹದ ಹನ್ನೆರಡು ಮಲಗಳನ್ನು ಹೆಸರಿಸಿ, ಮಲಮೂತ್ರದ ಅಶುದ್ಧಿಯನ್ನು ಮಣ್ಣು ನೀರುಗಳಿಂದ ತೊಳೆದು ಕಳೆಯಬಹುದೆನ್ನುತ್ತದೆ. ತನ್ನ ಮಲ ಸೋಕಿದ ಕೈ ದಿನವೂ ಹೀಗೆ ತೊಳೆದೊಡನೆ ಶುದ್ಧವಾಗುವುದಾದರೆ, ಅದೇ ಮಲವನ್ನು ಎತ್ತಿದ ಇನ್ನೊಬ್ಬನ ಕೈ ಮಾತ್ರ ಹುಟ್ಟಿನಿಂದ ಸಾವಿನವರೆಗೆ, ಅವನ ಮಕ್ಕಳ ಕೈಯನ್ನೂ ಸೇರಿಸಿಕೊಂಡು, ಏಕೆ ಶುದ್ಧವಾಗುವುದಿಲ್ಲವೆಂಬುದನ್ನು ಆಕ್ಷೇಪಿಸುವವರೇ ವಿವರಿಸಬೇಕಾಗುತ್ತದೆ.